ಗುಳಿಗೆ ಮರೆತ ತಾಯಂದಿರಿಗೆ

ನಮ್ಮ ಕಾರ್ಯಾಲಯಕ್ಕೆ ತಿಂಗಳು ತಿಂಗಳೂ ಬರುವ ಅಂಚೆಯಲ್ಲಿ ಚಂದಾ ಹಣದ ವಿಚಾರ, ವಧೂವರರ ವಿವರ, ಶಿವಾನುಭವ ಗೋಷ್ಠಿಗಳ ವರದಿ ಇವೇ ಹೆಚ್ಚಾಗಿರುತ್ತವೆ. ಅವುಗಳ ನಡುವೆ ಈ ಸಲ ಒಂದು ಇನ್‌ಲ್ಯಾಂಡ್ ಪತ್ರ ಬಂದಿತು. ‘ಶರಣು ಶರಣಾರ್ಥಿಗಳು’ ಎಂದು ಆರಂಭವಾಗುವ ಆ ಪತ್ರದ ಕೆಳಗೆ ಹೆಸರಿಲ್ಲ, ಊರಿಲ್ಲ. ಅಂಚೆಯ ಮುದ್ರೆಯೂ ಮಸುಕಾಗಿದ್ದು ಓದಲು ಬಾರದು.

ಬರೆದವರು ಎರಡು ಮಕ್ಕಳ ತಾಯಿ. ಕಿರಿಯ ಕೂಸಿಗೆ ಮೂರು ವರ್ಷ ತುಂಬಿದೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ಮಾಲಾ-ಎನ್ ಗುಳಿಗೆಗಳನ್ನು ಒಂದು ವರ್ಷದಿಂದ ಬಿಡದೆ ತೆಗೆದುಕೊಳ್ಳುತ್ತಿದ್ದರು. ತಮ್ಮನ ಮದುವೆಗೆಂದು ತವರಿಗೆ ಹೊರಟ ದಿನ ಹೊಸ ಪಟ್ಟಿಯಲ್ಲಿ ಐದು ಗುಳಿಗೆಗಳಷ್ಟೇ ಮುಗಿದಿದ್ದವು. ಪಟ್ಟಿಯು ಟ್ರಂಕಿನೊಳಗೆ ಸೀರೆಗಳ ಅಡಿಯಲ್ಲಿಯೇ ಉಳಿಯಿತು. ಮದುವೆಯ ಮನೆಯಲ್ಲಿ ನಾಲ್ಕು ದಿನ ಕಳೆದವು. ಮದುವೆಗೆ ಯಜಮಾನರೂ ಬಂದಿದ್ದರು. ಊರಿಗೆ ಮರಳಿದ ರಾತ್ರಿ ಅಂಜಿಕೆಯಿಂದ ನಾಲ್ಕು ಗುಳಿಗೆಗಳನ್ನೂ ಒಮ್ಮೆಲೇ ನುಂಗಿದರು. ಒಂದು ತಾಸಿನೊಳಗೆ ವಾಂತಿಯಾಯಿತು. ಎರಡು ದಿನ ಕಳೆದ ಮೇಲೆ ಸ್ವಲ್ಪ ಸ್ರಾವ ಕಂಡಿತು.

“ಮುಟ್ಟಾಯಿತಲ್ಲ, ಇನ್ನು ಭಯವಿಲ್ಲವಷ್ಟೇ? ಪಟ್ಟಿಯನ್ನು ಅಲ್ಲಿಗೇ ಬಿಟ್ಟಿದ್ದೇನೆ. ನಮ್ಮ ಅತ್ತೆಯವರಿಗೆ ಗುಳಿಗೆಯ ಸಂಗತಿ ಗೊತ್ತಿಲ್ಲ. ಮೊಬೈಲು ಮನೆಯವರೆಲ್ಲರ ಕೈಯಲ್ಲಿ ಓಡಾಡುತ್ತದೆ, ಅದರಲ್ಲಿ ಯಾರನ್ನೂ ಕೇಳಲಾರೆ. ನಿಮ್ಮ ಪತ್ರಿಕೆ ನಮ್ಮ ಮನೆಗೆ ಬರುತ್ತದೆ. ಅದರಲ್ಲಿ ಉತ್ತರ ಬರೆದರೆ ಓದುತ್ತೇನೆ.”

ಇಷ್ಟೇ ಪತ್ರ. ವಿಳಾಸವಿದ್ದರೆ ಅಂದೇ ಉತ್ತರಿಸುತ್ತಿದ್ದೆವು. ಇಲ್ಲದ್ದರಿಂದ ಈ ಲೇಖನವನ್ನೇ ಆ ತಾಯಿಗೆ ಉತ್ತರವಾಗಿ ಬರೆಯುತ್ತಿದ್ದೇವೆ. ಇಂತಹ ವಿಷಯ ನಮ್ಮ ಪತ್ರಿಕೆಯ ಪುಟಗಳಲ್ಲಿ ಏಕೆ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಮುಟ್ಟು ಮೈಲಿಗೆಯಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಸಾರಿದ ಮೇಲೆ, ಅದರ ಮಾತನ್ನು ಮನೆಯೊಳಗೆ ಪಿಸುಗುಟ್ಟಿ ಆಡುವುದೇಕೆ ಎಂಬುದು ನಮ್ಮ ಮರುಪ್ರಶ್ನೆ. ನಾಡಿಗೂ ಇದು ಹೊಸ ಮಾತಲ್ಲ. ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲೇ, 1930ರಲ್ಲಿ, ಮೈಸೂರು ಸಂಸ್ಥಾನದ ಸರಕಾರವು ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತ್ತು. ಕುಟುಂಬ ಯೋಜನೆಯನ್ನು ಭಾರತ ಸರಕಾರ ಕೈಗೆತ್ತಿಕೊಂಡದ್ದು 1952ರಲ್ಲಿ.

ಮೊದಲು ಆ ತಾಯಿಗೆ

ತಾಯಿ, ನೀವು ಕಂಡ ಸ್ರಾವವು ಮುಟ್ಟಲ್ಲದೆ ಇರಬಹುದು. ಗುಳಿಗೆಯ ಅಂಶವು ದೇಹದಲ್ಲಿ ಥಟ್ಟನೆ ಇಳಿದಾಗ ಗರ್ಭಕೋಶದ ಒಳಪದರ ಸ್ವಲ್ಪ ಕಳಚಿ ಬೀಳುತ್ತದೆ. ಅಂತಹ ಸ್ರಾವದ ಅರ್ಥ ಗುಳಿಗೆ ತಪ್ಪಿದೆ ಎಂಬುದಷ್ಟೇ. ಗರ್ಭ ನಿಂತಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಲಾರದು. ಅನೇಕರು ಇಲ್ಲಿಯೇ ಮೋಸಹೋಗುತ್ತಾರೆ. ಸ್ರಾವ ಕಂಡಿತೆಂದು ನೆಮ್ಮದಿಪಟ್ಟು ಪಟ್ಟಿಯನ್ನು ಎತ್ತಿಡುತ್ತಾರೆ. ಮುಂದೆ ಎರಡು ತಿಂಗಳು ಕಳೆದ ಮೇಲೆ ಸಂಗತಿ ತಿಳಿಯುತ್ತದೆ.

ಈ ಸಂಚಿಕೆ ನಿಮ್ಮ ಕೈ ಸೇರುವ ವೇಳೆಗೆ ಮದುವೆಯ ದಿನದಿಂದ ಮೂರು ವಾರಗಳಿಗೂ ಹೆಚ್ಚು ಕಾಲ ಸಂದಿರುತ್ತದೆ. ಸಮಾಗಮವಾಗಿ ಮೂರು ವಾರಗಳಾದ ಮೇಲೆ ಮೂತ್ರಪರೀಕ್ಷೆಯ ಫಲಿತಾಂಶವನ್ನು ನಂಬಬಹುದು. ಆಶಾ ಕಾರ್ಯಕರ್ತೆಯರ ಬಳಿ ‘ನಿಶ್ಚಯ್’ ಎಂಬ ಪರೀಕ್ಷಾ ಪಟ್ಟಿ ಇರುತ್ತದೆ, ಹಣ ಕೊಡಬೇಕಾಗಿಲ್ಲ. ಔಷಧಿ ಅಂಗಡಿಯಲ್ಲಿಯೂ ಇಂತಹವು ದೊರೆಯುತ್ತವೆ. ಬೆಳಗಿನ ಮೊದಲ ಮೂತ್ರದ ಕೆಲವು ಹನಿಗಳನ್ನು ಅದರ ಗುಳಿಯಲ್ಲಿ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟು ನಿಮಿಷ ಕಾದು ನೋಡಿರಿ. ಒಂದು ಗೆರೆ ಮೂಡಿದರೆ ಗರ್ಭವಿಲ್ಲ, ಎರಡು ಗೆರೆ ಮೂಡಿದರೆ ಇದೆ. ಎರಡನೆಯ ಗೆರೆ ತೆಳುವಾಗಿದ್ದರೂ ಅದನ್ನು ಗೆರೆಯೆಂದೇ ಎಣಿಸಬೇಕು. ಒಂದು ಗೆರೆಯೂ ಕಾಣದಿದ್ದರೆ ಆ ಪಟ್ಟಿಯೇ ಕೆಟ್ಟದ್ದು, ಬೇರೊಂದರಲ್ಲಿ ನೋಡಬೇಕು.

ನಡುವಿನ ದಿನಗಳಲ್ಲಿಯೂ ಮತ್ತೆ ಸಮಾಗಮವಾಗಿದ್ದರೆ, ಕೊನೆಯ ಸಮಾಗಮದಿಂದ ಮೂರು ವಾರಗಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕು. ಗರ್ಭವಿಲ್ಲವೆಂದು ಖಚಿತವಾದರೆ ಹೊಸ ಪಟ್ಟಿಯನ್ನು ಆರಂಭಿಸಿ, ಮೊದಲ ಏಳು ದಿನ ಯಜಮಾನರು ನಿರೋಧ್ ಬಳಸಲಿ.

ಎರಡು ಗೆರೆ ಮೂಡಿದರೂ ಎದೆಗುಂದಬೇಡಿರಿ. ಗುಳಿಗೆಯನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಿರಿ. ಗೊತ್ತಿಲ್ಲದೆ ನುಂಗಿದ ಗುಳಿಗೆಗಳಿಂದ ಕೂಸಿಗೆ ಊನವಾಗುತ್ತದೆಂಬ ಭಯ ಬೇಡ. ಹಾಗೆ ಆಗುವುದಿಲ್ಲವೆಂದು ವೈದ್ಯಶಾಸ್ತ್ರ ದೀರ್ಘಕಾಲದ ಅನುಭವದಿಂದ ಕಂಡುಕೊಂಡಿದೆ. ಗಂಡಹೆಂಡಿರಿಬ್ಬರೂ ಈ ಕೂಸು ಬರಲಿ ಎಂದರೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ಬೇಡವೆಂದಾದರೆ ಅದಕ್ಕೂ ಕಾನೂನಿನ ದಾರಿಯಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯು ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನು ತೆಗೆಯಿಸಿಕೊಳ್ಳಲು ವಿವಾಹಿತೆಗೆ ಅವಕಾಶ ಕೊಟ್ಟಿತು. 2021ರ ತಿದ್ದುಪಡಿಯು ಅದನ್ನು ಎಲ್ಲ ಸ್ತ್ರೀಯರಿಗೂ ವಿಸ್ತರಿಸಿತು. ಇಪ್ಪತ್ತು ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯವೇ ಸಾಕು. ಹದಿನೆಂಟು ತುಂಬಿದ ಹೆಣ್ಣುಮಗಳ ಸ್ವಂತ ಒಪ್ಪಿಗೆಯನ್ನಲ್ಲದೆ ಗಂಡನ ಸಹಿಯನ್ನಾಗಲಿ, ಅತ್ತೆಮಾವಂದಿರ ಸಹಿಯನ್ನಾಗಲಿ ಕಾನೂನು ಕೇಳುವುದಿಲ್ಲ. ಆಸ್ಪತ್ರೆಯವರು ನಿಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದೂ ಅದರಲ್ಲಿದೆ. ಯಾವ ದಾರಿ ಹಿಡಿಯಬೇಕೆಂಬುದನ್ನು ನೀವು ನಿರ್ಧರಿಸಬೇಕು. ಉಪದೇಶಕ್ಕೆ ನಾವು ಹೊರಟಿಲ್ಲ.

ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇವೆ. ‘ತೆಗೆಯುವ ಗುಳಿಗೆ’ ಎಂದು ಅಂಗಡಿಯಲ್ಲಿ ಕದ್ದುಮುಚ್ಚಿ ಕೊಡುವುದನ್ನು ಮನೆಯಲ್ಲಿ ನುಂಗಬೇಡಿರಿ. ಆ ಔಷಧ ಸುಳ್ಳಲ್ಲ. ಒಂಬತ್ತು ವಾರಗಳೊಳಗಿನ ಗರ್ಭಕ್ಕೆ ವೈದ್ಯರೂ ಅದನ್ನೇ ಕೊಡುವುದುಂಟು. ಆದರೆ ಗರ್ಭವು ಗರ್ಭಕೋಶದಲ್ಲಿಯೇ ಇದೆಯೇ ಅಥವಾ ನಾಳದಲ್ಲಿ ನಿಂತಿದೆಯೇ, ಎಷ್ಟು ವಾರಗಳಾಗಿವೆ, ಮೈಯಲ್ಲಿ ರಕ್ತ ಸಾಕಷ್ಟಿದೆಯೇ ಎಂಬುದನ್ನು ಅಂಗಡಿಯವನು ಅರಿಯಲಾರ. ನಾಳದಲ್ಲಿ ನಿಂತ ಗರ್ಭ ಒಡೆದರೆ ಪ್ರಾಣಕ್ಕೇ ಎರವಾಗುತ್ತದೆ. ಅರೆಬರೆಯಾಗಿ ಉಳಿದರೆ ರಕ್ತಸ್ರಾವ ನಿಲ್ಲುವುದಿಲ್ಲ. ಆಗ ರಾತ್ರಿ ಎರಡು ಗಂಟೆಗೆ ಗಾಡಿ ಹುಡುಕಬೇಕಾದವರು ಅದೇ ಅತ್ತೆ, ಅದೇ ಮಾವ.

ಪಟ್ಟಿಯ ಲೆಕ್ಕ

ಇನ್ನು ಉಳಿದ ಸಹೋದರಿಯರಿಗೆ. ಗುಳಿಗೆ ಮರೆಯುವುದು ಅಪರಾಧವಲ್ಲ. ಒಂದು ವರ್ಷ ಒಂದೂ ತಪ್ಪದಂತೆ ನುಂಗಿದರೆ ನೂರು ಮಂದಿಯಲ್ಲಿ ಒಬ್ಬರಿಗೂ ಗರ್ಭ ನಿಲ್ಲಲಾರದು. ಆದರೆ ನಿತ್ಯಜೀವನದಲ್ಲಿ ಜನ ಬಳಸುವ ರೀತಿಯಲ್ಲಿ ಬಳಸಿದಾಗ ವರ್ಷಕ್ಕೆ ನೂರರಲ್ಲಿ ಸುಮಾರು 7 ಮಂದಿಗೆ ನಿಲ್ಲುತ್ತದೆ. ಈ ಅಂತರಕ್ಕೆ ಮುಖ್ಯ ಕಾರಣ ಮರೆವು. ಆದುದರಿಂದ ಗುಳಿಗೆ ಕೊಡುವಾಗಲೇ ಮರೆತರೆ ಏನು ಮಾಡಬೇಕೆಂದು ಹೇಳಿಕೊಡಬೇಕಾಗಿತ್ತು. ಎಷ್ಟು ಕಡೆ ಹೇಳಿಕೊಡುತ್ತಾರೆಂಬುದನ್ನು ಓದುಗರೇ ಬಲ್ಲರು.

ಸರಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್, ಅಂಗಡಿಗಳಲ್ಲಿ ಅಲ್ಪ ಬೆಲೆಗೆ ಮಾರುವ ಮಾಲಾ-ಡಿ, ಇವೆರಡರಲ್ಲಿಯೂ ಇರುವ ಔಷಧ ಒಂದೇ. ಪಟ್ಟಿಯಲ್ಲಿ 28 ಗುಳಿಗೆಗಳು. ಅವುಗಳಲ್ಲಿ 21 ಬಿಳಿಯವು, ಒಂದೊಂದರಲ್ಲಿ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಮತ್ತು 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಿಯಾಲ್ ಎಂಬ ಹಾರ್ಮೋನುಗಳಿವೆ. ಉಳಿದ 7 ಬೇರೆ ಬಣ್ಣದವು. ಅವು ಬರಿಯ ಕಬ್ಬಿಣಾಂಶದ ಗುಳಿಗೆಗಳು. ಖಾಸಗಿ ಕಂಪನಿಗಳ ಕೆಲವು ಪಟ್ಟಿಗಳಲ್ಲಿ 21 ಮಾತ್ರ ಇರುತ್ತವೆ. ಅವುಗಳನ್ನು ಬಳಸುವವರು ಏಳು ದಿನ ಏನನ್ನೂ ನುಂಗದೆ ಎಂಟನೆಯ ದಿನ ಹೊಸ ಪಟ್ಟಿ ಹಿಡಿಯುತ್ತಾರೆ.

ಬಿಳಿಯ ಗುಳಿಗೆ ಮಾಡುವ ಕೆಲಸವನ್ನು ತೊಟ್ಟಿಲು ತೂಗುವುದಕ್ಕೆ ಹೋಲಿಸಬಹುದು. ಅದು ಅಂಡಾಶಯವನ್ನು ನಿದ್ರೆಯಲ್ಲಿ ಇಡುತ್ತದೆ, ಅಂಡ ಹೊರಬೀಳುವುದಿಲ್ಲ. ಒಂದೇ ಸಮನೆ ಏಳು ದಿನ ತೂಗಿದರೆ ನಿದ್ರೆ ಗಾಢವಾಗುತ್ತದೆ. ಕಬ್ಬಿಣದ ಗುಳಿಗೆಯ ಏಳು ದಿನಗಳಲ್ಲಿ ತೂಗುವ ಕೈ ನಿಂತಿರುತ್ತದೆ. ಕೂಸು ಹೊರಳುತ್ತದೆ, ಆದರೆ ಏಳುವುದಿಲ್ಲ. ಎಂಟನೆಯ ದಿನ ಮತ್ತೆ ಬಿಳಿಯ ಗುಳಿಗೆ ಬಿದ್ದರೆ ಪುನಃ ನಿದ್ರೆಗೆ ಜಾರುತ್ತದೆ. ಆ ದಿನವೂ ಬೀಳದೆ, ಒಂಬತ್ತನೆಯ, ಹತ್ತನೆಯ ದಿನವೂ ಬೀಳದೆ ಹೋದರೆ ಏಳದೆ ಇರುತ್ತದೆಯೆ?

ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಮುಂದಿನ ಎಲ್ಲ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ. ಎಷ್ಟು ಗುಳಿಗೆ ಮರೆತಿರಿ ಎಂಬುದರಷ್ಟೇ ಮುಖ್ಯವಾದದ್ದು ಪಟ್ಟಿಯ ಯಾವ ಕಡೆ ಮರೆತಿರಿ ಎಂಬುದು. ಬಿಡುವಿನ ಏಳು ದಿನಗಳು ಎಂಟು, ಒಂಬತ್ತು, ಹತ್ತಾಗಿ ಬೆಳೆಯುವುದೇ ದೊಡ್ಡ ಅಪಾಯ. ಪಟ್ಟಿಯ ಆರಂಭದ ಬಿಳಿ ಗುಳಿಗೆಗಳನ್ನು ಮರೆತರೂ, ಕೊನೆಯ ಬಿಳಿ ಗುಳಿಗೆಗಳನ್ನು ಮರೆತರೂ ಬಿಡುವು ಬೆಳೆಯುತ್ತದೆ. ನಡುವೆ ಮರೆತರೆ ಅಷ್ಟು ಹಾನಿಯಿಲ್ಲ. ‘ಹೊಸ ಪಟ್ಟಿ ಈಗ ತಾನೇ ಆರಂಭವಾಗಿದೆ, ಹಿಂದಿನ ಪಟ್ಟಿಯ ಬಲ ಇನ್ನೂ ಮೈಯಲ್ಲಿ ಇದ್ದೀತು’ ಎಂದು ತಿಳಿಯುವವರೇ ಬಹಳ. ನಿಜಸ್ಥಿತಿ ಅದಕ್ಕೆ ತದ್ವಿರುದ್ಧ.

ಮರೆತಾಗ ಮಾಡಬೇಕಾದದ್ದು

ಕಬ್ಬಿಣದ ಗುಳಿಗೆ ಮರೆತರೆ ಚಿಂತೆಯೇ ಇಲ್ಲ. ಮರೆತದ್ದನ್ನು ಬಿಸಾಡಿ, ಉಳಿದವನ್ನು ದಿನಕ್ಕೊಂದರಂತೆ ತೆಗೆದುಕೊಳ್ಳಬೇಕು. ಹೊಸ ಪಟ್ಟಿಯ ದಿನ ಮಾತ್ರ ಮುಂದಕ್ಕೆ ಹೋಗಬಾರದು. ಮರೆತದ್ದನ್ನು ಸೇರಿಸಿ ಎಣಿಸಿ ‘ಇನ್ನೂ ಎರಡು ಕಬ್ಬಿಣದವು ಬಾಕಿ ಇವೆ’ ಎಂದು ಹೊಸ ಪಟ್ಟಿಯನ್ನು ಎರಡು ದಿನ ತಡವಾಗಿ ಹಿಡಿಯುವವರಿದ್ದಾರೆ. ಕೂಸು ಏಳುವುದು ಆಗಲೇ.

ಬಿಳಿಯ ಗುಳಿಗೆ ಒಂದು ತಪ್ಪಿದರೆ ನೆನಪಾದ ಕ್ಷಣವೇ ನುಂಗಬೇಕು. ಆ ದಿನದ ಗುಳಿಗೆಯನ್ನು ಎಂದಿನ ವೇಳೆಗೆ ತೆಗೆದುಕೊಳ್ಳಬೇಕು; ಒಂದೇ ದಿನ ಎರಡಾದರೂ ಸರಿ, ಒಂದೇ ಹೊತ್ತಿಗೆ ಎರಡಾದರೂ ಸರಿ. ಬೇರೆ ಎಚ್ಚರಿಕೆ ಬೇಕಾಗಿಲ್ಲ.

ಎರಡು ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಬಿಳಿಯ ಗುಳಿಗೆ ತಪ್ಪಿದ್ದರೆ, ಮರೆತವುಗಳಲ್ಲಿ ಕೊನೆಯದೊಂದನ್ನು ಮಾತ್ರ ಕೂಡಲೇ ನುಂಗಬೇಕು. ಅದಕ್ಕೂ ಹಿಂದಿನವನ್ನು ಬಿಟ್ಟುಬಿಡಬೇಕು. ಮೂರು ನಾಲ್ಕನ್ನು ಒಟ್ಟಿಗೆ ನುಂಗಿದರೆ ವಿಷವೇನೂ ಆಗದು, ಆದರೆ ತಪ್ಪಿದ ದಿನಗಳು ಮರಳಿ ಬಾರವು. ಹೊಟ್ಟೆ ತೊಳಸಿ ನುಂಗಿದ್ದೂ ಹೊರಬರುತ್ತದೆ, ಪತ್ರ ಬರೆದ ತಾಯಿಗೆ ಆದದ್ದೂ ಅದೇ. ಆಮೇಲೆ ದಿನಕ್ಕೊಂದರಂತೆ ಮುಂದುವರಿಸಿ, ಬಿಡದೆ ಏಳು ಬಿಳಿಯ ಗುಳಿಗೆಗಳು ಆಗುವವರೆಗೆ ನಿರೋಧ್ ಬಳಸಬೇಕು, ಇಲ್ಲವೆ ದಂಪತಿಗಳು ಸಂಯಮದಿಂದಿರಬೇಕು. (ನಿರೋಧ್ ಬೇಕಾದುದು ಮೂರು ಗುಳಿಗೆ ತಪ್ಪಿದ ಮೇಲೆಯೇ ಎಂದು ಹೇಳುವ ಪುಸ್ತಕಗಳೂ ಇವೆ. ಎರಡಕ್ಕೇ ಎಚ್ಚರಗೊಳ್ಳುವ ಲೆಕ್ಕ ಹೆಚ್ಚು ಬಿಗಿಯಾದುದರಿಂದ ನಾವು ಅದನ್ನೇ ಹಿಡಿದಿದ್ದೇವೆ.)

ಇದರ ಜೊತೆಗೆ ಪಟ್ಟಿಯ ಯಾವ ವಾರ ಎಂಬುದನ್ನು ನೋಡಿಕೊಳ್ಳಬೇಕು. ಮೊದಲ ವಾರದ ಬಿಳಿ ಗುಳಿಗೆಗಳಲ್ಲಿ ಎರಡು ಅಥವಾ ಹೆಚ್ಚು ತಪ್ಪಿ, ಕಳೆದ ಐದು ದಿನಗಳಲ್ಲಿ ಸಮಾಗಮವೂ ಆಗಿದ್ದರೆ ತುರ್ತು ಗುಳಿಗೆಯ ವಿಚಾರ ಮಾಡಬೇಕು. ಅದರ ವಿವರ ಮುಂದಿದೆ. ಎರಡನೆಯ ವಾರವಾಗಿದ್ದು, ಅದಕ್ಕೆ ಹಿಂದಿನ ಏಳು ಗುಳಿಗೆಗಳು ಸರಿಯಾಗಿ ಆಗಿದ್ದರೆ ಮೇಲೆ ಹೇಳಿದಷ್ಟೇ ಸಾಕು. ಮೂರನೆಯ ವಾರದಲ್ಲಿ, ಅಂದರೆ 15ರಿಂದ 21ರವರೆಗಿನ ಗುಳಿಗೆಗಳಲ್ಲಿ ತಪ್ಪಿದ್ದರೆ, ಉಳಿದ ಬಿಳಿಯವನ್ನು ಮುಗಿಸಿ, ಕಬ್ಬಿಣದವನ್ನು ಮುಟ್ಟದೆ, ಮರುದಿನವೇ ಹೊಸ ಪಟ್ಟಿಯನ್ನು ಒಡೆಯಬೇಕು. ಆ ತಿಂಗಳು ಮುಟ್ಟು ಬಾರದೆ ಹೋಗಬಹುದು, ನಡುನಡುವೆ ಕಲೆ ಕಾಣಬಹುದು; ಅದರಿಂದ ತೊಂದರೆಯಿಲ್ಲ. ಕೆಟ್ಟ ರಕ್ತ ಒಳಗೆ ಕಟ್ಟಿಕೊಳ್ಳುತ್ತದೆಂಬ ಮಾತು ನಮ್ಮ ಕಡೆ ರೂಢಿಯಲ್ಲಿದೆ. ಗುಳಿಗೆಯಿಂದಾಗಿ ಒಳಪದರವೇ ತೆಳುವಾಗಿರುವಾಗ ಕಟ್ಟಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ಗುಳಿಗೆ ನುಂಗಿದ ಎರಡು ತಾಸಿನೊಳಗೆ ವಾಂತಿಯಾದರೆ ಇನ್ನೊಂದನ್ನು ನುಂಗಬೇಕು. ವಾಂತಿಭೇದಿ ಎರಡು ದಿನ ಮೀರಿ ನಡೆದರೆ ಆ ದಿನಗಳ ಗುಳಿಗೆ ತಪ್ಪಿದವೆಂದೇ ಲೆಕ್ಕ ಹಿಡಿಯಬೇಕು. ಕ್ಷಯರೋಗಕ್ಕೆ ರಿಫಾಂಪಿಸಿನ್ ಇರುವ ಔಷಧ ತೆಗೆದುಕೊಳ್ಳುವವರಿಗೆ, ಮೂರ್ಛೆರೋಗಕ್ಕೆ ಫೆನಿಟಾಯಿನ್, ಕಾರ್ಬಮಜೆಪೀನ್, ಫಿನೋಬಾರ್ಬಿಟೋನ್ ತೆಗೆದುಕೊಳ್ಳುವವರಿಗೆ, ಒಂದೂ ಮರೆಯದಿದ್ದರೂ ಗುಳಿಗೆಯ ಬಲ ಕುಗ್ಗುತ್ತದೆ. ಅಂಥವರು ಬೇರೆ ವಿಧಾನವನ್ನು ವೈದ್ಯರಲ್ಲಿ ಕೇಳಬೇಕು. ನೆಗಡಿ, ಗಂಟಲುನೋವಿಗೆ ಕೊಡುವ ಸಾಮಾನ್ಯ ಆಂಟಿಬಯಾಟಿಕ್‌ಗಳಿಂದ ಹೀಗಾಗುವುದಿಲ್ಲ.

ವಾರದ ಗುಳಿಗೆಯ ನಿಯಮ ಬೇರೆ

ಸರಕಾರಿ ಕೇಂದ್ರಗಳಲ್ಲಿ ‘ಛಾಯಾ’ ಎಂಬ ಗುಳಿಗೆಯನ್ನೂ ಕೊಡುತ್ತಾರೆ. ಇದು ನಮ್ಮ ದೇಶದ್ದೇ ಸಂಶೋಧನೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿ ‘ಸಹೇಲಿ’ ಎಂಬ ಹೆಸರಿನಿಂದ ಅಂಗಡಿಗಳಿಗೆ ಬಂದಿತು, 2016ರಲ್ಲಿ ಛಾಯಾ ಎಂದು ಸರಕಾರದ ಯೋಜನೆಗೆ ಸೇರಿತು. ಇದರಲ್ಲಿ ಹಾರ್ಮೋನು ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಅನಂತರ ವಾರಕ್ಕೆ ಒಂದು ಸಲ. ಮಾಲಾದ ನಿಯಮವನ್ನು ಇದಕ್ಕೆ ಅನ್ವಯಿಸಬಾರದು. ಗುಳಿಗೆಯ ದಿನ ತಪ್ಪಿ ಏಳು ದಿನಗಳೊಳಗೆ ನೆನಪಾದರೆ ಕೂಡಲೇ ನುಂಗಿ, ಎಂದಿನ ವಾರಗಳಂದೇ ಮುಂದುವರಿಸಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಬೇಕು. ಏಳು ದಿನ ಮೀರಿದ್ದರೆ ಹೊಸಬರಂತೆ ಮೊದಲಿನಿಂದ, ವಾರಕ್ಕೆರಡರ ಮೂರು ತಿಂಗಳಿನಿಂದ, ಆರಂಭಿಸಬೇಕು.

ಮೊಲೆಯೂಡಿಸುವ ಬಾಣಂತಿಯರಿಗೆ ವೈದ್ಯರು ಬರೆದುಕೊಡುವ ಒಂದೇ ಹಾರ್ಮೋನಿನ ಗುಳಿಗೆಗಳಲ್ಲಿ ಹೊತ್ತಿನ ಬಿಗಿ ಇನ್ನೂ ಹೆಚ್ಚು; ಕೆಲವಕ್ಕೆ ಮೂರು ತಾಸು, ಡೆಸೊಜೆಸ್ಟ್ರೆಲ್ ಇರುವುದಕ್ಕೆ ಹನ್ನೆರಡು ತಾಸು ಮೀರಿದರೆ ತಪ್ಪಿದಂತೆ. ತಪ್ಪಿದ ಮೇಲೆ ನುಂಗಿ, ಎರಡು ದಿನ ನಿರೋಧ್ ಬಳಸಬೇಕು. ಮಾಲಾ-ಎನ್, ಮಾಲಾ-ಡಿಗಳನ್ನು ಕೂಸಿಗೆ ಆರು ತಿಂಗಳಾಗುವ ಮೊದಲು ಮೊಲೆಯೂಡಿಸುವ ತಾಯಂದಿರು ಹಿಡಿಯಬಾರದು.

ತುರ್ತು ಗುಳಿಗೆ

1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಒಂದೇ ಗುಳಿಗೆ ಇದು. ಆಶಾ ಕಾರ್ಯಕರ್ತೆಯರ ಬಳಿ, ಆರೋಗ್ಯ ಕೇಂದ್ರದಲ್ಲಿ ಹಾಗೂ ಔಷಧಿ ಅಂಗಡಿಗಳಲ್ಲಿ ದೊರೆಯುತ್ತದೆ. ಸಮಾಗಮವಾದ 72 ತಾಸುಗಳೊಳಗೆ ನುಂಗಬೇಕು; ಎಷ್ಟು ಬೇಗ ನುಂಗಿದರೆ ಅಷ್ಟು ಫಲ. ನಾಳೆ ಸಂತೆಗೆ ಹೋದಾಗ ತಂದರಾಯಿತು ಎನ್ನುವ ವಸ್ತು ಇದಲ್ಲ. ನುಂಗಿದ ಮೇಲೆ ಎಂದಿನ ಗುಳಿಗೆಯನ್ನೂ ನಿಲ್ಲಿಸದೆ ಮುಂದುವರಿಸಿ ಏಳು ದಿನ ನಿರೋಧ್ ಬಳಸಬೇಕು. ಗುಳಿಗೆಗಿಂತ ಹೆಚ್ಚು ಖಚಿತವಾದ ಇನ್ನೊಂದು ದಾರಿಯೆಂದರೆ ಐದು ದಿನಗಳೊಳಗೆ ವೈದ್ಯರಿಂದ ಕಾಪರ್-ಟಿ ಹಾಕಿಸಿಕೊಳ್ಳುವುದು. ಗುಳಿಗೆ ನೆನಪಿಡುವ ಗೋಜೇ ಬೇಡವೆಂಬವರಿಗೆ ಮುಂದೆಯೂ ಅದೇ ಸಾಕು.

ತುರ್ತು ಗುಳಿಗೆಯೆಂದರೆ ಗರ್ಭಪಾತ, ಅದು ಪಾಪ ಎಂದು ಹಿಂಜರಿಯುವ ಭಕ್ತ ಮಹಿಳೆಯರನ್ನು ನಾವು ಬಲ್ಲೆವು. ಅದು ಗರ್ಭಪಾತದ ಔಷಧವಲ್ಲ. ಅಂಡ ಹೊರಬೀಳುವುದನ್ನು ತಡೆಯುವುದು, ಮುಂದೂಡುವುದು ಅದರ ಕೆಲಸ. ನಿಂತ ಗರ್ಭವನ್ನು ಅದು ಕದಲಿಸಲಾರದು, ಕೆಡಿಸಲೂ ಆರದು. ಹಾಗೆಂದು ತಿಂಗಳಿಗೆ ನಾಲ್ಕು ಸಲ ಬಳಸತಕ್ಕದ್ದೂ ಅಲ್ಲ. ಮುಟ್ಟಿನ ಕ್ರಮ ತಪ್ಪುತ್ತದೆ, ದಿನದ ಗುಳಿಗೆಯಷ್ಟು ರಕ್ಷಣೆಯೂ ಸಿಗುವುದಿಲ್ಲ.

ಮರೆವು ಎಲ್ಲಿಂದ ಬರುತ್ತದೆ

ನಮ್ಮ ರಾಜ್ಯದಲ್ಲಿ ಕುಟುಂಬ ಯೋಜನೆಯೆಂದರೆ ಹೆಣ್ಣುಮಗಳ ಆಪರೇಷನ್ ಎಂಬಂತಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಕ್ಕಳಾಗುವ ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನೇ ಮಾಡಿಸಿಕೊಂಡಿದ್ದರು. ಗುಳಿಗೆ ಬಳಸುವವರು ತೀರ ಕಡಿಮೆ. ಹೀಗಾಗಿ ಗುಳಿಗೆಯ ಬಗ್ಗೆ ಕೇಳಿ ತಿಳಿಯಲು ಅಕ್ಕನೂ ಇಲ್ಲ, ನೆಗೆಣ್ಣಿಯೂ ಇಲ್ಲ. ಬಳಸುವವರೂ ಬಚ್ಚಿಟ್ಟು ಬಳಸುತ್ತಾರೆ. ಅಕ್ಕಿಯ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟ ವಸ್ತು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದು ನೆನಪಿಗೂ ಬರುವುದಿಲ್ಲ. ಸೊಸೆಯು ಗುಳಿಗೆ ನುಂಗುವುದು ಮೊಮ್ಮಗನ ಆಸೆಗೆ ಅಡ್ಡಿ ಎಂದು ಮುನಿಯುವ ಅತ್ತೆಯಂದಿರು ಈ ಪತ್ರಿಕೆಯನ್ನು ಸೊಸೆಗಿಂತ ಮೊದಲು ಓದುತ್ತಾರೆಂಬುದು ನಮಗೆ ತಿಳಿದಿದೆ. ಅಮ್ಮಾ, ಕೂಸಿನ ನಡುವೆ ಮೂರು ವರ್ಷ ಅಂತರವಿದ್ದರೆ ಹಾಲೂ ಸಾಕಾಗುತ್ತದೆ, ತಾಯಿಯ ಮೈಯಲ್ಲಿ ರಕ್ತವೂ ತುಂಬುತ್ತದೆ. ಪಟ್ಟಿಯನ್ನು ದೇವರ ಗೂಡಿನ ಪಕ್ಕದ ಕಪಾಟಿನಲ್ಲಿಯೇ ಇಟ್ಟುಕೋ ಎಂದು ನೀವೇ ಹೇಳಿದರೆ ಅರ್ಧ ಮರೆವು ಅಂದೇ ಹೋಗುತ್ತದೆ.

ಇನ್ನೊಂದು ದೊಡ್ಡ ತಪ್ಪನ್ನು ಮರೆವು ಎನ್ನಲಾಗದು. ಯಜಮಾನರು ಲಾರಿಯ ಮೇಲೋ, ದೂರದ ಊರಿನ ಕೆಲಸಕ್ಕೋ ಹೋಗುವ ಮನೆಗಳಲ್ಲಿ, ಅವರು ಬಂದಾಗ ಮಾತ್ರ ಗುಳಿಗೆ ನುಂಗುವ ರೂಢಿಯಿದೆ. ಅದು ತೂಗದೆ ಬಿಟ್ಟ ತೊಟ್ಟಿಲು, ಗುಳಿಗೆಯಿದ್ದೂ ಇಲ್ಲದಂತೆ. ಗಂಡ ಮನೆಯಲ್ಲಿರಲಿ ಬಿಡಲಿ ದಿನವೂ ನುಂಗಬೇಕು, ಅದಾಗದಿದ್ದರೆ ನಿರೋಧ್ ಬಳಸುವುದೇ ಲೇಸು.

ಶಿವರಾತ್ರಿಯಂದು, ಶ್ರಾವಣ ಸೋಮವಾರಗಳಂದು ಉಪವಾಸಕ್ಕೆ ಭಂಗವಾದೀತೆಂದು ಗುಳಿಗೆ ಬಿಡುವವರೂ ಇದ್ದಾರೆ. ಒಂದು ಗುಟುಕು ನೀರಿನೊಡನೆ ಔಷಧ ನುಂಗಿದರೆ ವ್ರತ ಕೆಡುವುದೆಂದು ನಮಗೆ ತೋರದು. ಮನಸ್ಸು ಒಪ್ಪದಿದ್ದರೆ ಉಪವಾಸ ಹಿಡಿಯುವ ಮೊದಲೇ ಆ ದಿನದ್ದನ್ನು ನುಂಗಬಹುದು, ಇಲ್ಲವೆ ಪಾರಣೆಯಾದ ಕೂಡಲೇ ನುಂಗಬಹುದು. ಕೆಲವು ತಾಸು ಹಿಂದುಮುಂದಾದರೆ ಬಿಳಿಯ ಗುಳಿಗೆಗೆ ಬಾಧೆಯಿಲ್ಲ. ಪೂಜೆಗೆಂದು ಮುಟ್ಟು ಮುಂದೂಡಲು ಅಂಗಡಿಯಿಂದ ತರುವ ನಾರೆಥಿಸ್ಟಿರೋನ್ ಗುಳಿಗೆ ಗರ್ಭನಿರೋಧಕವೆಂದು ಭ್ರಮಿಸಬೇಡಿರಿ. ಮುಟ್ಟಿಗೆ ಸೂತಕವಿಲ್ಲದ ಮನೆಗಳಿಗೆ ಅದರ ಅಗತ್ಯವೇನೆಂಬುದು ಬೇರೆ ಮಾತು.

ಮೂವತ್ತೈದು ದಾಟಿ ತಂಬಾಕು ಸೇದುವವರು, ರಕ್ತದೊತ್ತಡ ಹೆಚ್ಚಿರುವವರು, ರಕ್ತ ಹೆಪ್ಪುಗಟ್ಟುವ ರೋಗ, ಪಾರ್ಶ್ವವಾಯು, ಸ್ತನದ ಕ್ಯಾನ್ಸರ್ ಅಥವಾ ಪಿತ್ತಕೋಶ, ಯಕೃತ್ತಿನ ರೋಗ ಕಂಡವರು, ಕಣ್ಣಿಗೆ ಮಿಂಚು ಕಂಡು ಅರೆತಲೆನೋವು ಬರುವವರು ಮಾಲಾ ಗುಳಿಗೆಯನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು. ಬಳಸುತ್ತಿರುವಾಗ ಒಂದು ಕಾಲು ಬಾತು ನೋಯುವುದು, ಎದೆನೋವು, ಏದುಸಿರು, ಸಹಿಸಲಾಗದ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನೆನಪಿಗೆ ಹೊಸ ಉಪಾಯ ಹುಡುಕಬೇಕಾಗಿಲ್ಲ. ದಿನವೂ ತಪ್ಪದ ಕೆಲಸ ಒಂದಕ್ಕೆ ಗುಳಿಗೆಯನ್ನು ಗಂಟುಹಾಕಿದರೆ ಸಾಕು. ನಿತ್ಯ ಲಿಂಗಪೂಜೆ ಮಾಡುವವರು ಬೆಳಗಿನ ಪೂಜೆ, ಪ್ರಸಾದದ ನಂತರ ಇಟ್ಟುಕೊಳ್ಳಬಹುದು. ಓಕರಿಕೆ ಬರುವವರಿಗೆ ರಾತ್ರಿ ಊಟವಾದ ಮೇಲೆ, ಹಾಲಿಗೆ ಹೆಪ್ಪು ಹಾಕುವ ಹೊತ್ತು ಒಳ್ಳೆಯದು. ಸಿಲಿಂಡರು ತೀರುವ ದಿನವನ್ನೂ ಸಾಲದ ಕಂತಿನ ದಿನವನ್ನೂ ಮರೆಯದ ಯಜಮಾನರು ‘ಇಂದಿನದು ಆಯಿತೆ?’ ಎಂದು ಒಂದು ಮಾತು ಕೇಳಬಹುದು.

ತವರಿಗೆ, ಜಾತ್ರೆಗೆ, ಮದುವೆಗೆ ಹೊರಡುವಾಗ ಕೂಸಿನ ಬಟ್ಟೆಯ ಚೀಲದಲ್ಲಿ ಮೊದಲು ಪಟ್ಟಿಯನ್ನು ಹಾಕಿರಿ, ಆಮೇಲೆ ಬಟ್ಟೆಯನ್ನು. ಕೈಯಲ್ಲಿರುವ ಪಟ್ಟಿಯಲ್ಲಿ ಕಬ್ಬಿಣದ ಗುಳಿಗೆ ಆರಂಭವಾದ ದಿನವೇ ಮುಂದಿನ ಪಟ್ಟಿಯನ್ನು ಆಶಾ ಕಾರ್ಯಕರ್ತೆಯಿಂದಲೋ ಅಂಗಡಿಯಿಂದಲೋ ತಂದಿಟ್ಟುಕೊಳ್ಳಿರಿ. ಪತ್ರ ಬರೆದ ತಾಯಿಗೆ ಬೇರೇನಾದರೂ ಕೇಳುವುದಿದ್ದರೆ ಮತ್ತೆ ಬರೆಯಲಿ; ಹೆಸರು ಬೇಡ, ಪತ್ರ ಬರೆದ ತಾರೀಖು ಮತ್ತು ಗುಳಿಗೆ ತಪ್ಪಿದ ತಾರೀಖುಗಳನ್ನು ಮಾತ್ರ ಮರೆಯದೆ ಬರೆಯಲಿ.